ನಾನು ನೀರು ಹಾಕಿಲ್ಲ

ಕರಪತ್ರದಲ್ಲಿ ನಾನು ‘ತುಮಕೂರಿನ ಖ್ಯಾತ ರಂಗನಟಿ ಸ್ವರ್ಣಲತಾ’. ರೇಷನ್ ಕಾರ್ಡಿನಲ್ಲಿ ನರಸಿಂಹಮ್ಮ. ಖ್ಯಾತಿ ಎಂಬುದು ಕರಪತ್ರ ಅಚ್ಚು ಹಾಕಿಸುವವರ ಔದಾರ್ಯ. ನನ್ನ ಪಕ್ಕದ ಬೀದಿಯವರಿಗೇ ನನ್ನ ಗುರುತಿಲ್ಲ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಗಂಡಸರೆಲ್ಲ ಸೇರಿ ಪೌರಾಣಿಕ ನಾಟಕ ಕಲಿಯುತ್ತಾರೆ. ಭೀಮ, ದುರ್ಯೋಧನರು ಊರಿನವರೇ. ಹೆಣ್ಣು ಪಾತ್ರಕ್ಕೆ ಮಾತ್ರ ನಮ್ಮಂಥವರನ್ನು ಪಟ್ಟಣದಿಂದ ಕರೆಸುತ್ತಾರೆ. ಸಂಜೆ ಬಸ್ಸಿಳಿದು, ಯಾವತ್ತೂ ಮುಖ ನೋಡಿರದ ಐದು ಜನ ಗಂಡಂದಿರ ಜೊತೆ ಬೆಳಗಿನ ತನಕ ಸಂಸಾರ ಮಾಡಿ, ಮೊದಲ ಬಸ್ಸಿಗೆ ವಾಪಸು ಬರುವುದು ನನ್ನ ಕಸುಬು.

ಆ ಕಸುಬಿಗೆ ಒಂದೇ ವೇದವಾಕ್ಯ: ಮೈಕಿನ ಹತ್ತಿರ ಹೋಗು. ಸ್ಟೇಜಿನ ನಡುವೆ ಮೇಲಿನಿಂದ ಒಂದು ಮೈಕು ನೇತಾಡುತ್ತಿರುತ್ತದೆ. ಮಾತಾಡುವವರು ಅದರ ಕೆಳಗೆ ಬಂದು ನಿಲ್ಲಬೇಕು, ಮಾತು ಮುಗಿಸಿದವರು ಹಿಂದೆ ಸರಿದು ಜಾಗ ಬಿಡಬೇಕು. ದುಶ್ಶಾಸನ ಸೀರೆ ಸೆಳೆಯುವುದಾದರೂ ಮೈಕಿನ ತನಕ ಎಳೆದು ತಂದೇ ಸೆಳೆಯಬೇಕು. ಇಲ್ಲದಿದ್ದರೆ ನನ್ನ ಕೂಗು ಕೃಷ್ಣನಿಗಿರಲಿ, ಎರಡನೇ ಸಾಲಿಗೂ ಮುಟ್ಟುವುದಿಲ್ಲ. ಸಾಯುವವರೂ ಅಲ್ಲಿಗೇ ತೆವಳಿಕೊಂಡು ಬಂದು ಸಾಯುತ್ತಾರೆ.

ವಯಸ್ಸು ಐವತ್ತರ ಹತ್ತಿರ ಬಂದ ಮೇಲೆ ದ್ರೌಪದಿ ನನ್ನ ಕೈಬಿಟ್ಟಳು. ಕುಂತಿಗೆ ಕರೆಯತೊಡಗಿದರು. ಕುಂತಿ ಎಂದರೆ ಇಡೀ ರಾತ್ರಿಗೆ ಒಂದೆರಡು ಸೀನು, ಉಳಿದ ಹೊತ್ತೆಲ್ಲ ಪರದೆಯ ಹಿಂದೆ ಟ್ರಂಕಿನ ಮೇಲೆ ಕೂತು ತೂಕಡಿಸುವುದು. ಕೆಲಸಕ್ಕಿಂತ ಕಾಯುವುದೇ ಹೆಚ್ಚು ಸುಸ್ತು ಎಂದು ಆಗ ಗೊತ್ತಾಯಿತು. ಆಮೇಲೆ ಕುಂತಿಗೂ ಕರೆಯುವವರು ಕಡಿಮೆಯಾದರು.

ತೊಂಬತ್ತೆಂಟರಲ್ಲಿ ಕಾಲೇಜಿನ ಕನ್ನಡ ಮೇಷ್ಟ್ರು ಲಕ್ಷ್ಮೀಕಾಂತ್ ನನ್ನನ್ನು ಹುಡುಕಿಕೊಂಡು ಬಂದರು. ಅವರದೊಂದು ತಂಡ, ಗುಬ್ಬಿ ಗೇಟಿನ ಹತ್ತಿರ ಒಂದು ಮಹಡಿ ಕೋಣೆಯಲ್ಲಿ ಹೊಸ ನಾಟಕ ಕಟ್ಟುತ್ತಿದ್ದರು. ಮೊದಲೇ ಬರೆದಿಟ್ಟ ನಾಟಕವಲ್ಲ. ಎಲ್ಲರೂ ಕೂತು ಮಾತಾಡಿ, ಆಡಿ ನೋಡಿ, ಬೇಡದ್ದನ್ನು ಬಿಟ್ಟು ಬೆಳೆಸುವಂಥದ್ದು. ಆ ವರ್ಷ ಹೀಗೆ ಮೂರು ನಾಟಕ ಬೆಳೆಯುತ್ತಿದ್ದವು. ಹಿರೇಹಳ್ಳಿ ಫ್ಯಾಕ್ಟರಿ ಕೆಲಸಗಾರರದು, ಆಡುವವರ ಶಿಫ್ಟು ಒಂದಕ್ಕೊಂದು ಹೊಂದದೆ ನಿಂತಿತು. ಕುಣಿಗಲ್ಲಿನ ಕುದುರೆ ಫಾರಂನದು, ಕುದುರೆಯಾಗಲು ಯಾರೂ ಒಪ್ಪದೆ ನಿಂತಿತು. ಉಳಿದದ್ದು ಡೈರಿಗೆ ಹಾಲು ಹಾಕುವ ಸಿದ್ದಗಂಗಮ್ಮ ಎಂಬ ಹೆಂಗಸಿನ ನಾಟಕ. ಹಾಲಿನಲ್ಲಿ ಗಾಜಿನ ಕಡ್ಡಿ ಬಿಟ್ಟು ಡಿಗ್ರಿ ನೋಡುತ್ತಾರಲ್ಲ, ಒಂದು ಬೆಳಿಗ್ಗೆ ಅವಳ ಹಾಲಿಗೆ ಡಿಗ್ರಿ ಬರುವುದಿಲ್ಲ. ನೀರು ಬೆರೆಸಿದ್ದಾಳೆ ಎಂದು ಸೆಕ್ರೆಟರಿ ಎಲ್ಲರೆದುರು ಹಾಲು ವಾಪಸು ಕಳಿಸುತ್ತಾನೆ. ‘ನಾನು ನೀರು ಹಾಕಿಲ್ಲ’ ಎನ್ನುತ್ತಾಳೆ. ಆ ಒಂದು ಮಾತಿನ ಮೇಲೆ ಇಡೀ ನಾಟಕ ನಿಂತಿತ್ತು.

ಆ ಪಾತ್ರ ನನಗೆ ಬೇಕಾಗಿತ್ತು. ಕಿರೀಟವಿಲ್ಲದ, ಶಾಪವಿಲ್ಲದ, ನನ್ನದೇ ವಯಸ್ಸಿನ ಒಬ್ಬ ಹೆಂಗಸಿನ ಪಾತ್ರವನ್ನು ನನಗೆ ಜನ್ಮದಲ್ಲಿ ಯಾರೂ ಕೊಟ್ಟಿರಲಿಲ್ಲ. ಮೇಷ್ಟ್ರು ಮುಚ್ಚುಮರೆಯಿಲ್ಲದೆ ಹೇಳಿದರು: ಮೊದಲ ಪ್ರಯೋಗ ಹೆಬ್ಬೂರಿನಲ್ಲಿ, ಅಲ್ಲಿ ಸರಿಹೋದರೆ ಬೆಂಗಳೂರಿನ ನಾಟಕೋತ್ಸವಕ್ಕೂ ನೀವೇ, ಇಲ್ಲವಾದರೆ ಸಿಂಚನಾ ಮಾಡುತ್ತಾಳೆ. ಸಿಂಚನಾ ಅವರ ಶಿಷ್ಯೆ. ತಲೆಗೆ ಪೌಡರು ಬಳಿದುಕೊಂಡು ಮುದುಕಿಯಾಗಲು ತಯಾರಾಗಿದ್ದಳು, ಮಾತೆಲ್ಲ ಅವಳಿಗೂ ಬಾಯಿಪಾಠವಾಗಿತ್ತು.

ಮೊದಲ ದಿನವೇ ಎಡವಟ್ಟಾಯಿತು. ನನ್ನ ಮಾತು ಬಂದಾಗ ಹಾಲಿನ ಕ್ಯಾನು ಬಿಟ್ಟು, ಕೋಣೆಯ ನಡುವೆ ನಡೆದು ಬಂದು, ಎದೆಯುಬ್ಬಿಸಿ ನಿಂತೆ. ಎಲ್ಲಿಗೆ ಹೊರಟಿರಿ ಎಂದು ಮೇಷ್ಟ್ರು ಕೇಳಿದರು. ಮೈಕಿನ ಹತ್ತಿರಕ್ಕೆ ಎಂದೆ. ಆ ಕೋಣೆಯಲ್ಲಿ ಮೈಕೇ ಇರಲಿಲ್ಲ. ಹುಡುಗರು ಬಿದ್ದು ಬಿದ್ದು ನಕ್ಕರು. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹೊಟ್ಟೆಪಾಡಿಗೆ ಕಲಿತ ಗುಣ, ಇನ್ನೂ ಗಟ್ಟಿ. ಮೇಷ್ಟ್ರು ಒಂದು ಕಡೆ ಎಳೆದರೆ ನನ್ನ ಕಾಲು ಇನ್ನೊಂದು ಕಡೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗೆ. ಕೊನೆಗೆ ಅವರೂ ಬೇಸತ್ತರು. ‘ಜನಕ್ಕೆ ಹೇಳ್ಬೇಡಿ ಸ್ವರ್ಣಲತಮ್ಮ, ಕ್ಯಾನಿಗೆ ಹೇಳಿ,’ ಎಂದರು. ಕ್ಯಾನಿಗೆ ಹೇಳುವುದು ಹೇಗೆ ಎಂದು ನನಗೆ ಅರ್ಥವಾಗಲಿಲ್ಲ.

ಹೋಗಿ ನೋಡಿಕೊಂಡಾದರೂ ಬರೋಣವೆಂದು ಹೆಬ್ಬೂರಿನ ಆಚೆಯ ಒಂದು ಹಳ್ಳಿಯ ಡೈರಿ ಮುಂದೆ ಬೆಳಿಗ್ಗೆ ಬೆಳಿಗ್ಗೆ ಹೋಗಿ ಕೂರತೊಡಗಿದೆ. ಹಳ್ಳಿಯ ಹೆಸರು ಬೇಡ. ಅಲ್ಲಿ ರಂಗಮ್ಮ ಎಂಬಾಕೆಯ ಪರಿಚಯವಾಯಿತು. ಪಟ್ಟಣದವಳು ಚಳಿಯಲ್ಲಿ ಯಾಕೆ ಕೂತಿದ್ದಾಳೆ ಎಂದು ವಿಚಾರಿಸಿದಳು. ನಾಟಕಕ್ಕೆ ಎಂದಾಗ ಏನೂ ಅರ್ಥವಾಗದಿದ್ದರೂ ಮನೆಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟಳು. ಒಂದು ದಿನ ಅವಳ ಹಾಲಿಗೇ ಡಿಗ್ರಿ ಬರಲಿಲ್ಲ. ಸೆಕ್ರೆಟರಿ ಏನೋ ಅಂದ. ರಂಗಮ್ಮ ಅವನನ್ನು ನೋಡಲಿಲ್ಲ. ಕ್ಯಾನಿನ ಬಾಯಿಯನ್ನೇ ನೋಡುತ್ತಾ ‘ನೀರಾಕಿಲ್ಲ ಕಣಪ್ಪ’ ಎಂದಳು. ಇನ್ನೊಂದು ಸಲ, ಇನ್ನೂ ಮೆಲ್ಲಗೆ ಅಂದಳು. ಅಷ್ಟರಲ್ಲಿ ಹಿಂದಿನವಳು ತನ್ನ ಕ್ಯಾನನ್ನು ಮುಂದಕ್ಕೆ ಸರಿಸಿದ್ದಳು. ರಂಗಮ್ಮ ಮುಚ್ಚಳ ಹಾಕಿಕೊಂಡು ಹೊರಟಳು. ದಾರಿಯುದ್ದಕ್ಕೂ ನಾನು ತಿಂಡಿ ತಿಂದೆನೋ ಇಲ್ಲವೋ ಎಂದು ಕೇಳಿದಳೇ ಹೊರತು ಹಾಲಿನ ಮಾತೆತ್ತಲಿಲ್ಲ.

ಮಾರನೆಯ ದಿನ ಮಹಡಿ ಕೋಣೆಯಲ್ಲಿ ನನ್ನ ಕಾಲು ಕದಲಲಿಲ್ಲ. ಕ್ಯಾನಿಗೆ ಹೇಳಿದೆ. ಹೇಳಿ ತಲೆಯೆತ್ತಿದರೆ ಸಿಂಚನಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಮೇಷ್ಟ್ರು ‘ಇದೇ’ ಎಂದರು, ಅಷ್ಟೇ. ಆ ದಿನ ಮನೆಗೆ ಹೋಗುವಾಗ ನನಗೆ ಬಹಳ ಸಂತೋಷವಾಗಿತ್ತು. ಕೂಗಿ ಕೂಗಿ ಸವೆದ ಗಂಟಲಿಗೆ ಎಷ್ಟೋ ವರ್ಷದ ಮೇಲೆ ರಜೆ ಸಿಕ್ಕಿದಂತಾಗಿತ್ತು.

ಹೆಬ್ಬೂರಿನಲ್ಲಿ ಬಯಲಲ್ಲಿ ಸ್ಟೇಜು ಹಾಕಿದ್ದರು. ಮೈಕಿನವನು ವಾಡಿಕೆಯಂತೆ ನಡುವೆ ಒಂದು ಮೈಕು ಇಳಿಬಿಟ್ಟಿದ್ದ, ಬೇಡವೆಂದರೂ ಕೇಳಲಿಲ್ಲ. ಹೊತ್ತು ಮುಳುಗುವ ಮೊದಲೇ ಜನ ಬಂದು ಕೂತರು. ಹಾರ್ಮೋನಿಯಂ ಎಲ್ಲಿ, ಸೀನರಿ ಎಲ್ಲಿ ಎಂಬ ವಿಚಾರಣೆ ನಡೆದಿತ್ತು. ನಾನು ಹೇಳಿ ಕಳಿಸಿದ್ದಕ್ಕೆ ರಂಗಮ್ಮ ತನ್ನ ಊರಿನ ಹೆಂಗಸರ ಜೊತೆ ಬಂದು ಮುಂದೆ ಚಾಪೆಯ ಮೇಲೆ ಕೂತಿದ್ದಳು. ಅವಳನ್ನು ನೋಡಿ ನನಗೆ ಧೈರ್ಯ ಬಂತು.

ಡೈರಿಯ ಸೀನು ಬಂತು. ಸೆಕ್ರೆಟರಿಯ ಪಾತ್ರದ ರವೀಶ್ ಹಾಲು ವಾಪಸು ತಳ್ಳಿದ. ನಾನು ಕ್ಯಾನಿನ ಬಾಯಿ ನೋಡುತ್ತಾ ಹೇಳಿದೆ. ಹಿಂದಿನಿಂದ ಒಬ್ಬ ‘ಏನೂ ಕೇಳ್ತಿಲ್ಲ, ಮೈಕ್ ಹತ್ರ ಬಾರಮ್ಮೋ’ ಎಂದು ಕೂಗಿದ. ಮತ್ತೆ ಹೇಳಿದೆ, ಹಾಗೇ ಮೆಲ್ಲಗೆ. ಶಿಳ್ಳೆ ಶುರುವಾಯಿತು. ಹಿಂದಿನ ಸಾಲಿನವರು ಪಂಚೆ ಕೊಡವಿಕೊಂಡು ಏಳತೊಡಗಿದರು. ನಾನು ಪಕ್ಕದ ಪರದೆಯ ಕಡೆ ನೋಡಿದೆ. ಅಲ್ಲಿ ಮೇಷ್ಟ್ರು ಮುಖ ಬಾಡಿಸಿಕೊಂಡು, ಎರಡೂ ಕೈಯಲ್ಲಿ ಮೈಕು ತೋರಿಸುತ್ತಾ ‘ಹೋಗಿ, ಹೋಗಿ’ ಎಂದು ಸನ್ನೆ ಮಾಡುತ್ತಿದ್ದರು. ಅವರ ಪಕ್ಕದಲ್ಲೇ ಸಿಂಚನಾ ನಿಂತಿದ್ದಳು.

ಹೋದೆ. ಮೈಕಿನ ಕೆಳಗೆ ನಿಂತದ್ದೇ ತಡ, ಇಷ್ಟು ವರ್ಷದ ದ್ರೌಪದಿಯರೆಲ್ಲ ಒಟ್ಟಿಗೆ ಮೈಮೇಲೆ ಬಂದರು. ಸೆರಗು ಕೊಡವಿ, ಬೆರಳೆತ್ತಿ, ‘ನಾನು ನೀರು ಹಾಕಿಲ್ಲ’ ಎಂದು ಗುಡುಗಿದೆ. ಸೂರ್ಯಚಂದ್ರರನ್ನು ಸಾಕ್ಷಿಗೆ ಕರೆದೆ. ನಾಟಕದಲ್ಲಿ ಇಲ್ಲದ ಶಾಪ ಹಾಕಿದೆ. ರವೀಶ್ ನಿಜವಾಗಿಯೂ ಹಿಂದಕ್ಕೆ ಸರಿದ. ಎದ್ದು ಹೊರಟವರು ಅಲ್ಲೇ ನಿಂತು ಚಪ್ಪಾಳೆ ಹೊಡೆದರು, ‘ವನ್ಸ್ ಮೋರ್’ ಎಂದು ಕೂಗಿದರು. ವನ್ಸ್ ಮೋರ್ ಎಂದ ಮೇಲೆ ಮುಗಿಯಿತು, ನಮ್ಮ ಕಸುಬಿನಲ್ಲಿ ಇಲ್ಲವೆನ್ನುವಂತಿಲ್ಲ. ಮತ್ತೊಮ್ಮೆ ಗುಡುಗಿದೆ.

ನಾಟಕ ಮುಗಿದೊಡನೆ ಮೇಷ್ಟ್ರು ಓಡಿ ಬಂದರು. ‘ಇದೇ ಇರ್ಲಿ ಸ್ವರ್ಣಲತಮ್ಮ. ಬೆಂಗಳೂರಿಗೂ ಇದೇ. ಪಾತ್ರ ನಿಮ್ದೇ.’ ಹಾಗಾದರೆ ಕ್ಯಾನಿಗೆ ಹೇಳಿದ್ದು ಎಂದು ಕೇಳಿದೆ. ಅದು ಕೋಣೆಯೊಳಗೆ ಚೆನ್ನಾಗಿತ್ತು, ಜನ ಕೇಳಬೇಕಲ್ಲ ಎಂದರು. ಅವರ ಮಾತೂ ಸುಳ್ಳಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು. ಹೋಗಿ ಟ್ರಂಕಿನ ಮೇಲೆ ಕೂತೆ.

ರಂಗಮ್ಮ ಹುಡುಕಿಕೊಂಡು ಒಳಗೆ ಬಂದಳು. ದೃಷ್ಟಿಯಾದೀತೆಂದು ನನಗೆ ಲಟಿಕೆ ಮುರಿದಳು. ತನಗೆ ಮೈಯೆಲ್ಲ ಜುಮ್ಮೆಂದಿತು ಎಂದಳು. ಆಮೇಲೆ ಪಕ್ಕದಲ್ಲಿ ಕೂತು ದನಿ ತಗ್ಗಿಸಿದಳು.

‘ಅದ್ಯಾವೂರ್ ಕತೆ ಕಣವ್ವ? ಅಲ್ಲಿ ಹೆಂಗಸ್ರು ಡೈರೀಲಿ ಅಂಗ್ ನಿಂತ್ಕಂಡು ಕೇಳ್ತಾರಾ?’

‘ನಿಂದೇ ಕಣವ್ವ,’ ಎಂದೆ. ‘ಅವತ್ತು ನಿನ್ ಹಾಲು ವಾಪಸ್ ಕಳಿಸಿದ್ರಲ್ಲ, ಅದೇ.’

ಅವಳು ನನ್ನ ಮುಖ ನೋಡಿದಳು. ನಾನು ಚೇಷ್ಟೆ ಮಾಡುತ್ತಿದ್ದೇನೆಂದುಕೊಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

‘ತಮಾಸೆ ಮಾಡ್ಬ್ಯಾಡ ಬುಡವ್ವ. ನಾನ್ಯಾವತ್ತು ಅಂಗ್ ಬಾಯ್ಬುಟ್ಟಿದ್ದೆ?’

ಹೊರಗೆ ಅವಳ ಜೊತೆಯವರು ಕರೆದರು, ಎದ್ದು ಹೋದಳು. ಅವಳ ಬಾಯಿಂದ ಬಂದ ಮಾತನ್ನು ಅವಳಿಗೇ ಗುರುತು ಸಿಗದ ಹಾಗೆ ಆಡಿಬಿಟ್ಟಿದ್ದೆ. ಇನ್ನು ಮುಂದೆ ಹಾಗೇ ಆಡಬೇಕಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಮೇಷ್ಟ್ರು ಅದನ್ನು ಸಂತೋಷದ ಕಣ್ಣೀರು ಎಂದುಕೊಂಡರು. ಬಸ್ಸಿಗೆ ಹೊತ್ತಾಯಿತು, ಬೇಗ ಬಣ್ಣ ಒರೆಸಿಕೊಳ್ಳಿ ಎಂದರು.