ಕಿಟಕಿ ಪಕ್ಕದ ಹಾಸಿಗೆಯವರು

ಮಗಳು ಔಷಧಿ ತರಲು ಕೆಳಗಿಳಿದು ಬರುವಷ್ಟರಲ್ಲಿ ಕಿಟಕಿ ಪಕ್ಕದ ಹಾಸಿಗೆ ಖಾಲಿ. ಹೊದಿಕೆ ಮಡಚಿಟ್ಟಿದೆ, ದಿಂಬು ನೆಟ್ಟಗಿದೆ, ಅಮ್ಮ ಮಾತ್ರ ಇಲ್ಲ. ಮಗಳ ಪಿತ್ತ ನೆತ್ತಿಗೇರಿತು.

ಏರದೆ ಇನ್ನೇನು? ಬಲಗಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದ ಅಮ್ಮ ಈಗಾಗಲೇ ಎರಡು ಸಲ ತನ್ನ ಸರದಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಮನೆಗೆ ವಾಪಸಾಗಿದ್ದಳು. 'ಪಾಪ, ಅವರಿಗೆ ಅವಸರ ಇತ್ತು ಕಣೇ.' ಎಡಗಣ್ಣು ಹೋಗಿ ಎಷ್ಟೋ ಕಾಲವಾಗಿದೆ. ಇವತ್ತು ತಪ್ಪಿಸಿಕೊಂಡರೆ ಉಳಿದದ್ದರ ಆಸೆಯನ್ನೂ ಬಿಡಿ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು.

ಮಕ್ಕಳನ್ನೆಲ್ಲ ಒಂದು ದಡ ಸೇರಿಸಿದ ಮೇಲೂ, ಸೇರಿಸುವ ಮುಂಚೆಯೂ, ಅಮ್ಮ ಇದೇ ಆಸ್ಪತ್ರೆಗೆ ಸೇವೆಗೆ ಬಂದವಳು. ಬೆಳಗಿನ ಪ್ರಾರ್ಥನೆ ಮುಗಿಸಿ, ನೀಲಿ ಏಪ್ರನ್ ಕಟ್ಟಿಕೊಂಡು, ನೋಡಲು ಯಾರೂ ಬಾರದವರಿಗೆ ನೀರು ಕುಡಿಸುವುದು, ತಲೆ ಬಾಚುವುದು. ಒಂದೊಂದು ಹಾಸಿಗೆಯಲ್ಲೂ ದೇವರು ಒಂದೊಂದು ಮುಖ ಹೊತ್ತು ಮಲಗಿರುತ್ತಾನೆ ಎಂಬುದು ಅವಳ ನಂಬಿಕೆ. ಮಗಳಿಗೋ, ಆ ಏಪ್ರನ್ ಕಂಡರೆ ಮೈಯೆಲ್ಲ ಉರಿ. ತನ್ನ ಹೆರಿಗೆಯ ದಿನವೂ ಅಮ್ಮ ಪಕ್ಕದ ಹಾಸಿಗೆಯವಳ ಬೆನ್ನು ನೀವುತ್ತ ನಿಂತಿದ್ದಳು!

ಕಾರಿಡಾರಿನ ತುದಿಯಲ್ಲಿ ಅಮ್ಮ ಸಿಕ್ಕಳು. ರೋಗಿಯ ನಿಲುವಂಗಿಯ ಮೇಲೆ ಅದೇ ನೀಲಿ ಏಪ್ರನ್. ಜೊತೆಗೆ ಸ್ಟ್ರೆಚರ್ ತಳ್ಳುವವನು. ಇಬ್ಬರೂ ಒಂದೊಂದೇ ಬಾಗಿಲಲ್ಲಿ ಇಣುಕುತ್ತಿದ್ದರು.

"ಏನಮ್ಮಾ ಇದು?"

"ಸುಮ್ನಿರೇ. ಕಿಟಕಿ ಪಕ್ಕದ ಹಾಸಿಗೆಯವರು ಕಾಣಿಸ್ತಿಲ್ವಂತೆ. ಆಪರೇಷನ್‌ಗೆ ಕರೀತಿದಾರೆ. ಪಾಪ, ಹೆದರಿ ಎಲ್ಲೋ ಅವಿತುಕೊಂಡಿರಬೇಕು."

"ಕಿಟಕಿ ಪಕ್ಕದವಳು ನೀನೇ!"

ಸ್ಟ್ರೆಚರಿನವನು ಬಾಯಿ ಬಿಟ್ಟುಕೊಂಡು ನಿಂತ. ಏಪ್ರನ್ ನೋಡಿ ಅವನು ಎಂದಿನ ಹಾಗೆ ಅಮ್ಮನನ್ನೇ ಕೇಳಿದ್ದ. ಅವಳೂ ಎಂದಿನ ಹಾಗೆ ಹುಡುಕಲು ಹೊರಟಿದ್ದಳು.

"ಅಯ್ಯೋ, ಹೌದಲ್ವೇ! ಇರು, ಮೂಲೆ ಹಾಸಿಗೆ ತಾತನಿಗೆ ನೀರು ಕುಡಿಸ್ತೀನಿ ಅಂತ ಮಾತು ಕೊಟ್ಟಿದೀನಿ. ಕುಡಿಸಿ ಬಂದ್ಬಿಡ್ತೀನಿ."

"ಅಲ್ಲೀವರೆಗೆ ಡಾಕ್ಟರು ಕಾಯ್ತಾರಾ? ಮುಂದಿನವರನ್ನ ಕರೀತಾರೆ!"

"ಕರೀಲಿ ಬಿಡು."

"ಕಣ್ಣು ಹೋಗತ್ತೆ ಅಮ್ಮಾ!"

"ಮಾತು ಹೋದ್ರೆ?"

ಮಗಳು ಹಣೆ ಚಚ್ಚಿಕೊಂಡಳು. ಈ ಮುದುಕಿಯ ಜೊತೆ ವಾದಕ್ಕಿಳಿದು ಗೆದ್ದವರಿಲ್ಲ. ಅಪ್ಪ ಅದಕ್ಕೇ ಬೇಗ ಹೊರಟುಹೋಗಿರಬೇಕು.

"ಬಿಚ್ಚು ಅದನ್ನ," ಎಂದು ಕೈ ಚಾಚಿದಳು. "ನಾನು ಕುಡಿಸ್ತೀನಿ. ನೀನು ಹತ್ತು ಸ್ಟ್ರೆಚರ್!"

ಅಮ್ಮ ನಂಬಿಕೆ ಬಾರದೆ ನೋಡಿದಳು. "ತಲೆ ಸ್ವಲ್ಪ ಎತ್ತಿ ಹಿಡೀಬೇಕು. ಗದರಬಾರದು."

"ಗದರಲ್ಲ!" ಎಂದು ಮಗಳು ಗದರಿದಳು.

ಅಮ್ಮನ ಸ್ಟ್ರೆಚರ್ ಆಪರೇಷನ್ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡ ಮೇಲೆಯೇ ಮಗಳು ಅಲ್ಲಿಂದ ಕದಲಿದ್ದು. ಏಪ್ರನ್ನಿನ ದಾರ ಇವಳ ಸೊಂಟಕ್ಕೆ ಸಾಲದು. ಹೇಗೋ ಎಳೆದು ಗಂಟು ಹಾಕಿಕೊಂಡು, ತಾತನ ತಲೆ ಎತ್ತಿ, ಲೋಟ ಬಾಯಿಗಿಟ್ಟಳು. ತಾತ ತುಟಿ ಬಿಗಿದ.

"ನಿಮ್ಮಮ್ಮ ಚಮಚದಲ್ಲಿ ಕೊಡ್ತಾರೆ."

"ದೇವರೇ!" ಎಂದು ಹಲ್ಲು ಕಚ್ಚುತ್ತ ಅವಳು ಚಮಚ ಹುಡುಕಲು ಎದ್ದಳು.

"ಹೂಂ, ಬೇಗ ತಾ," ಎಂದ ತಾತ.