ಉಚ್ಚೆಗೆ ಹಾಕಿದ ಬಣ್ಣ

"ಊದಾ ಬೇಕಾ, ಕೆಂಪು ಬೇಕಾ?" ಎಂದು ಕೇಳಿದಳು ಶಂಕರಮ್ಮ.

"ಎಲ್ಡೂ ಬೆರ್ತಂಗೆ ಕಾಣ್ಬೇಕು ಕನಮ್ಮಿ. ನೇರಳೆ ಅಣ್ಣು ಇಸ್ಕಿದಂಗೆ."

"ಯಾವ ಸೀರೆಗಕ್ಕಾ?"

"ಸೀರೆಗಲ್ಲ. ನಿಮ್ ಬಾವನ ಉಚ್ಚೆಗೆ."

ಕೊಳ್ಳೇಗಾಲದ ನೇಕಾರರ ಮನೆಯಲ್ಲಿ ರೇಷ್ಮೆ ನೂಲಿಗೆ ಬಣ್ಣ ಅದ್ದುವ ಶಂಕರಮ್ಮ ಮೊದಲು ನಕ್ಕಳು. ಅಕ್ಕ ಪುಟ್ಟಮಾದಮ್ಮನ ಮುಖ ನೋಡಿ ನಗು ನಿಲ್ಲಿಸಿ, ಒಂದು ಚಿಟಿಕೆ ಬಣ್ಣವನ್ನು ಕಾಗದದಲ್ಲಿ ಮಡಿಸಿ ಕೊಟ್ಟಳು.

ಇದು ೧೯೬೪ರ ಮಾತು. ಹನೂರಿಗೆ ವಾರಕ್ಕೊಮ್ಮೆ ಬರುವ ಕ್ಷಯದ ವ್ಯಾನು ರೋಗಿಗಳಿಗೆ ಬಿಳಿ ಪುಡಿಯ ಪೊಟ್ಟಣವನ್ನು ಪುಕ್ಕಟೆ ಕೊಡುತ್ತಿತ್ತು. ಪುಕ್ಕಟೆ ಕೊಡುವವರಿಗೆ ಅನುಮಾನ ಜಾಸ್ತಿ. ರೋಗಿ ಪುಡಿ ನುಂಗಿದನೋ ಇಲ್ಲವೋ ಎಂದು ತಿಳಿಯಲು ಅವನ ಉಚ್ಚೆ ತರಿಸಿ, ಗಾಜಿನ ನಳಿಗೆಗೆ ಸುರಿದು, ಹಳದಿ ದ್ರಾವಣದ ತೊಟ್ಟು ಬಿಡುತ್ತಿದ್ದರು. ಔಷಧಿ ಮೈಯಿಂದ ಇಳಿದಿದ್ದರೆ ಊದಾಗೆಂಪು ಏಳುತ್ತದೆ. ಔಷಧಿ ಹೆಚ್ಚಿದಷ್ಟೂ ಬಣ್ಣ ಗಾಢ. ಏನೂ ಏಳದಿದ್ದರೆ ರೋಗಿ ಸುಳ್ಳ. ಎರಡು ಸಲ ಸುಳ್ಳನಾದರೆ ಹೆಸರು ಹೊಡೆದು ಹಾಕುತ್ತಾರೆ, ಪುಡಿ ನಿಲ್ಲುತ್ತದೆ.

ಶಾಗ್ಯದ ಕೂಲಿಯಾಳು ದೊಡ್ಡಮಾದಪ್ಪ ಆಗಲೇ ಒಮ್ಮೆ ಸುಳ್ಳನಾಗಿದ್ದ. ಅವನ ಬಾಯಿಗೆ ಪುಡಿ ಸುರಿದು, ನೀರು ಕುಡಿಸಿ, ಗಂಟಲಿಳಿಯುವ ತನಕ ಎದುರು ಕೂರುತ್ತಿದ್ದವಳು ಹೆಂಡತಿ ಪುಟ್ಟಮಾದಮ್ಮ. ಅವಳ ಕಣ್ಣಿಗಿಂತ ಗಾಜಿನ ನಳಿಗೆಯ ಮಾತೇ ವ್ಯಾನಿನವರಿಗೆ ದೊಡ್ಡದು.

ಮುಂದಿನ ಸಲ ವ್ಯಾನು ಹನೂರಿಗೆ ಬಂದಾಗ ಕಾಂಪೌಂಡರ್ ಗುರುಸಿದ್ದಯ್ಯ ಅವಳು ತಂದ ಸೀಸೆಯನ್ನು ಬೆಳಕಿಗೆ ಹಿಡಿದ.

"ಏನಮ್ಮಾ, ನಾನಿನ್ನೂ ತೊಟ್ಟೇ ಬುಟ್ಟಿಲ್ಲ, ಆಗ್ಲೇ ಬಣ್ಣ ಬಂದ್ಬುಟ್ಟದೆ! ನಿನ್ ಗಂಡ ಏನ್ ನೇರಳೆ ಮರವಾ?"

ಸಾಲಿನಲ್ಲಿದ್ದವರು ನಕ್ಕರು. ಬೆಂಗಳೂರಿನ ಕಡೆಯ ಡಾಕ್ಟರು ವ್ಯಾನಿನಿಂದ ಇಳಿದು ಬಂದರು. ಅವರು ನಗಲಿಲ್ಲ.

"ನೋಡಿದ್ರಾ? ಔಷಧಿ ಎಸೆದು ಬಣ್ಣ ಕಲಸಿ ತರ್ತಾರೆ. ಈ ತಿಂಗಳು ಅರ್ಧಕ್ಕರ್ಧ ಜನರ ನಳಿಗೇಲಿ ಬಣ್ಣವೇ ಇಲ್ಲ. ಈ ಸೀಮೆಯೇ ಹೀಗೆ. ಹೊಡೀರಿ ಅವನ ಹೆಸರು."

ಅರ್ಧಕ್ಕರ್ಧ ಜನ ಒಂದೇ ತಿಂಗಳಲ್ಲಿ ಸುಳ್ಳರಾಗಿಬಿಟ್ಟರಂತೆ! ಓದಿದವರ ಅನುಮಾನ ಸೀದಾ ಬಡವರ ಬಾಯಿಗೇ ಬಂದು ನಿಲ್ಲುತ್ತದೆ; ಪುಡಿಯ ಡಬ್ಬಿಯ ಕಡೆಗೆ ತಿರುಗಲು ಅದಕ್ಕೆ ಕುತ್ತಿಗೆಯೇ ಇಲ್ಲ.

"ಹೂಂ ಸಾ, ನಾನೇ ಆಕ್ದೆ," ಎಂದಳು ಪುಟ್ಟಮಾದಮ್ಮ. "ಬಣ್ಣ ಬಂದ್ರೆ ಮಾತ್ರ ಔಸ್ತಿ ಅಂದ್ರಿ. ನಿಮ್ ಪುಡಿ ತಿಂದ್ರೆ ಬಣ್ಣ ಬರ್ನಿಲ್ಲ. ನಾನೇನ್ ಮಾಡ್ಲಿ, ಗಂಡನ್ನ ಈಗ್ಲೇ ಊತ್ಬುಡ್ಲಾ?"

"ನುಂಗಿಸಿದ್ರೆ ಬಂದೇ ಬರ್ತಿತ್ತು. ಸುಳ್ಳು ಹೇಳ್ಬೇಡ."

"ಅಂಗಾರೆ ಆ ತೊಟ್ಟ ನಿಮ್ ಪುಡಿಗೇ ಬುಡಿ."

ಅವಳು ಮಡಿಲಿನಿಂದ ಪುಡಿಯ ಪೊಟ್ಟಣ ತೆಗೆದು ಚಾಚಿದಳು.

"ಪುಡಿಗ್ಯಾಕಮ್ಮಾ? ಅದು ಸರ್ಕಾರದ್ದು," ಎಂದ ಗುರುಸಿದ್ದಯ್ಯ.

"ಉಚ್ಚೆ ನಮ್ದು ಅಂತವಾ?"

ಮತ್ತೆ ನಗು ಎದ್ದಿತು. ಈ ಸಲದ ನಗು ಗುರುಸಿದ್ದಯ್ಯನಿಗೆ ಹಿತವಾಗಲಿಲ್ಲ. ಹಿಂದಿದ್ದ ರಾಮಾಪುರದ ರಾಚಮ್ಮ ತನ್ನ ಪೊಟ್ಟಣವನ್ನೂ ಮುಂದೆ ಚಾಚಿದಳು. "ನಂದ್ಕೂ ಬುಡಿ. ಓದ್ವಾರ ನನ್ನೂ ಸುಳ್ಳಿ ಅಂದ್ರಲ್ಲ!"

ಎಲ್ಲರ ಬಾಯಿ ಮುಚ್ಚಿಸಲೆಂದು ಡಾಕ್ಟರೇ ಒಂದು ಚಿಟಿಕೆ ಪುಡಿಯನ್ನು ನೀರಿಗೆ ಹಾಕಿ ಅಲುಗಿಸಿ ತೊಟ್ಟು ಬಿಟ್ಟರು. ನೀರು ಅರಿಶಿನ ಬಿದ್ದ ಮಜ್ಜಿಗೆಯ ಹಾಗಾಯಿತು. ಹಾಗೇ ಉಳಿಯಿತು.

"ದ್ರಾವಣ ಹಳೇದಿರ್ಬೇಕು."

"ಅಂಗಾರೆ ಆ ಸೀಟಿನ ಕೆಳ್ಗಿನ ಡಬ್ಬಿದ್ಕೆ ಬುಡಿ," ಎಂದಳು ರಾಚಮ್ಮ. "ಯಳಂದೂರ್ ದೊಡ್ ಮನೆ ರೋಗಿಗೆ ಅಂತ ಬ್ಯಾರೆ ಮಡಗಿ ಕೊಟ್ಕಳುಸ್ತೀರಲ್ಲ, ನಾ ಕಂಡಿವ್ನಿ, ಅದ್ಕೆ."

"ಬೇಡ ಕಣ್ರೀ," ಎಂದರು ಡಾಕ್ಟರು. ಅಷ್ಟರಲ್ಲಿ ಗುರುಸಿದ್ದಯ್ಯ ಯಾರ ಮುಖವನ್ನೂ ನೋಡದೆ ಆ ಡಬ್ಬಿಯ ಮುಚ್ಚಳ ತೆಗೆದಿದ್ದ. ಒಂದು ಚಿಟಿಕೆ. ಒಂದು ತೊಟ್ಟು. ಊದಾಗೆಂಪು ಹೊಗೆಯಂತೆ ಹರಡಿ ನಳಿಗೆಯ ತಳದವರೆಗೂ ತುಂಬಿತು.

ಡಾಕ್ಟರ ದನಿ ಮೆತ್ತಗಾಯಿತು. "ಪುಡಿ ತಂದ ಕಂಟ್ರಾಕ್ಟರನ್ನ ಕೇಳೋಣ. ಬೆಂಗಳೂರಿಗೆ ಕಳಿಸಿ ವರದಿ ತರಿಸೋಣ. ನೋಡಮ್ಮ, ನೀನು ಬಣ್ಣ ಹಾಕಿದ್ದನ್ನ ನಾನು ಮರೀತೀನಿ. ನೀನೂ ಇದನ್ನ ಮರೆತುಬಿಡು."

"ವರದಿ ಬರಗಂಟ ಅವ್ನೇನ್ ತಿನ್ನದು ಸಾ? ಸುಣ್ಣವಾ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಡಬ್ಬಿಯನ್ನು ಎತ್ತಿ ಮಡಿಲಿಗಿಟ್ಟುಕೊಂಡು ವ್ಯಾನಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕಿತ್ತುಕೊಳ್ಳಲು ಬಂದ ಡ್ರೈವರಿಗೆ ರಾಚಮ್ಮ ಅಡ್ಡ ನಿಂತಳು. ಸಾಲು ಒಡೆದು ಉಳಿದವರೂ ಬಂದು ಅವಳ ಜೊತೆ ನಿಂತರು.

"ಪೊಲೀಸರನ್ನ ಕರೆಸ್ತೀನಿ!" ಎಂದರು ಡಾಕ್ಟರು.

"ಕರ್ಸಿ. ರಾಮಾಪುರದಿಂದ ಅವ್ರು ಬರಗಂಟ ಎಲ್ರಿಗೂ ಅಂಚ್ಬುಡ್ತೀನಿ."

ಹುಣಸೆ ಮರದಡಿ ಮಲಗಿದ್ದ ದೊಡ್ಡಮಾದಪ್ಪನನ್ನು ಇಬ್ಬರು ತೋಳು ಹಿಡಿದು ಕರೆತಂದರು. ಪುಟ್ಟಮಾದಮ್ಮ ಅವನ ದವಡೆ ಹಿಡಿದು ಪುಡಿ ಸುರಿದಳು. ಅವನ ಮುಖವೆಲ್ಲ ಕಿವುಚಿಕೊಂಡಿತು.

"ಅಯ್ಯಯ್ಯೋ, ಇದೇನಮ್ಮಿ ಬೇವಿನಂಗೆ ಕಯ್ಯಿ! ಕರ್ಳೆಲ್ಲ ಕಿತ್ಕೊಂಡ್ ಬತ್ತದೆ!"

"ಉಗುದ್ರೆ ಅಲ್ಲು ಉದುರ್ಸ್ಬುಡ್ತೀನಿ," ಎಂದಳು ಅವಳು. "ಇವತ್ತು ಕೊಟ್ಟವ್ರೆ ಕನಾ ಔಸ್ತಿಯ. ನುಂಗು."