ಸೇತುವೆಯ ನಡುವೆ ಯಾದ್ವಿಗಾ

ಎಲ್ಲಿಂದ ಶುರು ಮಾಡಲಿ, ಓದುಗರೇ? ಮಂಚದಿಂದಲೋ, ಇಲಿಯಿಂದಲೋ, ಕುರ್ಚಿಯಿಂದಲೋ?

೧. ಮಂಚದಿಂದ. ಫಿಲಡೆಲ್ಫಿಯಾ, ೧೯೬೩. ಹೊಲಿಗೆಯ ಯಾದ್ವಿಗಾ ವಾರಕ್ಕೆ ಮೂರು ಸಲ ಮನೋವಿಶ್ಲೇಷಕ ಡಾಕ್ಟರ್ ಫೈನ್‌ಮನ್ನರ ಮಂಚದ ಮೇಲೆ ಅಂಗಾತ ಮಲಗುತ್ತಾಳೆ. ಡಾಕ್ಟರು ಪದ್ಧತಿಯಂತೆ ಅವಳ ತಲೆಯ ಹಿಂದೆ, ಕಾಣದ ಹಾಗೆ ಕೂತು "ಹ್ಞೂಂ" ಅನ್ನುತ್ತಾರೆ. (ಮೊದಲ ಹ್ಞೂಂ: ಬಾಲ್ಯ ಹೇಳಿ. ಎರಡನೆಯದು: ಅಪ್ಪನ ಬಗ್ಗೆ ಹೇಳಿ. ಮೂರನೆಯದು: ಟೈಮಾಯ್ತು.) ಸೇತುವೆ ಹತ್ತಿದರೆ ಎದೆ ನಿಂತುಹೋಗುತ್ತದೆಂಬ ಭಯ ಅವಳಿಗೆ. ಸೇತುವೆಯಾಚೆ ಮಗಳು ಹೆತ್ತಿದ್ದಾಳೆ. ಈ ಭಾನುವಾರ ಮಗುವಿಗೆ ಹೆಸರಿಡುತ್ತಾರೆ. ಮೂರು ವರ್ಷದಲ್ಲಿ ಡಾಕ್ಟರು ಕಂಡುಹಿಡಿದದ್ದು: ಸೇತುವೆ ಎಂದರೆ ಅಪ್ಪ.

ಕರಡು ಹರಿದೆ. ಇದರಲ್ಲಿ ಯಾರೂ ಏಳುವುದೇ ಇಲ್ಲ.

೨. ಇಲಿಯಿಂದ. ಇಲಿಗಳನ್ನು ಹೆಜ್ಜೆಹೆಜ್ಜೆಗೆ ಪಳಗಿಸುವ ಕೆಳಮಹಡಿಯ ಪ್ರಯೋಗಶಾಲೆಯವರು ಹೇಳಿದರು: "ಅಪ್ಪನ್ನ ಬಿಡ್ರೀ! ಸೇತುವೆ ಮೇಲೆ ಇವತ್ತು ಹತ್ತು ಹೆಜ್ಜೆ, ನಾಳೆ ಇಪ್ಪತ್ತು." ನಲವತ್ತನೆಯ ಹೆಜ್ಜೆಯಿಂದ ಯಾದ್ವಿಗಾ ಓಡಿಬಂದಳು. ತಲೆಯೊಳಗೇನು ನಡೆಯಿತೆಂದು ಇಲಿಯನ್ನು ಯಾರೂ ಕೇಳುವುದಿಲ್ಲ, ಅವಳನ್ನೂ ಕೇಳಲಿಲ್ಲ.

೩. ಶನಿವಾರ. ದಿಕ್ಕು ತೋಚದೆ ಡಾಕ್ಟರು ಕುರ್ಚಿಯನ್ನು ಎಳೆದು ಅವಳೆದುರಿಗೆ ಹಾಕಿಕೊಂಡರು.

"ಎಚ್ಚರವಾಗೇ ಇದೀರಾ ಡಾಕ್ಟ್ರೇ? ಹಿಂದೆ ಕೂತು ನಿದ್ದೆ ಹೊಡೀತೀರ ಅಂದ್ಕೊಂಡಿದ್ದೆ."

"ಅದನ್ನ ಮೊದ್ಲೇ ಯಾಕಮ್ಮ ಹೇಳ್ಲಿಲ್ಲ?"

"ನೀವೆಲ್ಲಿ ಕೇಳಿದ್ರಿ?"

ಡಾಕ್ಟರು ಮೀಸೆ ತಿರುವಿಕೊಂಡರು. "ಸರಿ, ಸೇತುವೆ ಮೇಲೆ ಮನಸ್ಸಲ್ಲಿ ಏನು ಓಡುತ್ತೆ?"

"ನಡುವೆ ಹೋದ್ರೆ ಸತ್ತೆ ಅಂತ."

"ನೂರಕ್ಕೆ ಎಷ್ಟು ನಂಬಿಕೆ?"

"ತೊಂಬತ್ತು."

"ಹೋಗಿ ನೋಡೇಬಿಡೋಣ್ವಾ?"

(ಇಲಿಯವರ ಹೆಜ್ಜೆಗೂ ಕುರ್ಚಿಯವರ ಪ್ರಶ್ನೆಗೂ ಮುಂದೆ ಮದುವೆಯಾಗಿ, ಅರಿವು-ವರ್ತನೆ ಚಿಕಿತ್ಸೆ ಎಂಬ ಉದ್ದದ ಹೆಸರು ಬಂತು. ಮಂಚದವರು ಮದುವೆಯೂಟಕ್ಕೆ ಬರಲಿಲ್ಲ.)

೪. ಭಾನುವಾರ, ಸೇತುವೆಯ ನಡುಮಧ್ಯ. ಗಾಳಿ. ಎರಡು ಮುಕ್ತಾಯ ತಂದಿದ್ದೇನೆ. ಅ) ದಾಟಿ ಮೊಮ್ಮಗುವನ್ನು ಎತ್ತಿಕೊಂಡಳು. ಆ) ಓಡಿಬಂದಳು.

ಯಾದ್ವಿಗಾ ನನ್ನತ್ತ ತಿರುಗಿದಳು. "ಏಯ್, ಅದೇನು ಗೀಚ್ತಿದೀಯ?"

"ದಾಟಿದಳು ಅಂತ. ನಿಮಗೆ ಧೈರ್ಯ ಬರಲಿ ಅಂತ."

"ಹೊಡೆದುಹಾಕು ಅದನ್ನ! ನೀನು ಬರೆದೆ ಅಂತ ದಾಟಿದ್ರೆ ನನಗೇನು ಗೊತ್ತಾದ ಹಾಗಾಯ್ತು? ನಾಳೆ ಮತ್ತೆ ಅದೇ ಭಯ."

"ಹಾಗಾದ್ರೆ ಓಡಿಬಂದಳು ಅಂತ...?"

"ಅದನ್ನೂ."

ಎರಡನ್ನೂ ಹೊಡೆದುಹಾಕಿದೆ. ಈಗ ನನ್ನೆದೆ ಬಡಿದುಕೊಳ್ಳುತ್ತಿದೆ. ಡಾಕ್ಟರು ತೋಳು ಚಾಚಿದರು, ಅವಳು ಹಿಡಿಯಲಿಲ್ಲ. ಕಂಬಿಯಿಂದಲೂ ಕೈ ತೆಗೆದಳು.

"ಇಬ್ರೂ ಬಾಯಿ ಮುಚ್ಕೊಂಡಿರಿ," ಎಂದಳು. "ಸಾಯ್ತೀನೋ ಇಲ್ವೋ ಅಂತ ನಾನೇ ನೋಡ್ತಿದೀನಿ."

ಒಂದು ಕಾಲೆತ್ತಿದಳು.